ಮಕ್ಕಳಿಗೆ ರಾತ್ರಿ ಓದಿಹೇಳಲು ಹಳೆಯ ಕಥೆಗಳು: ಮೊದಲು ಯಾವುದು, ಆಮೇಲೆ ಯಾವುದು?

ಬೇಸಿಗೆ ರಜೆ ಹತ್ತಿರ ಬಂತು ಅಂದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. "ಮಗುವಿಗೆ ಎಂಟು ತುಂಬಿತು. ಆಲಿಸ್ ತರಲೋ, ಹೈಡಿ ತರಲೋ, ಟ್ರೆಷರ್ ಐಲ್ಯಾಂಡ್ ತರಲೋ?" ಪುಸ್ತಕದಂಗಡಿಯಲ್ಲಿ ಇವೆಲ್ಲ ಒಂದೇ ಕಪಾಟಿನಲ್ಲಿ, ಒಂದೇ ಥರದ ರಟ್ಟು ಹಾಕಿಕೊಂಡು ಕೂತಿರುತ್ತವೆ. ಎಲ್ಲದರ ಬೆನ್ನಿನ ಮೇಲೂ 'ಕ್ಲಾಸಿಕ್' ಅಂತ ಇರುತ್ತದೆ. ಆದರೆ ಒಳಗೆ ಹೋದರೆ ಒಂದರ ಗಾಳಿಯೂ ಇನ್ನೊಂದಕ್ಕೆ ಸೋಕಿಲ್ಲ.

ನಾನು ಒಂಬತ್ತು ವರ್ಷದಿಂದ ರಾತ್ರಿ ಊಟ ಆದಮೇಲೆ ಓದಿಹೇಳುತ್ತಾ ಬಂದಿದ್ದೇನೆ. ಮೊದಲು ಮಗಳಿಗೆ, ಈಗ ಅವಳ ತಮ್ಮನಿಗೆ. ಎಷ್ಟೋ ಮನೆಗಳಲ್ಲಿ ಇರುವ ಹಾಗೆ ನಮ್ಮಲ್ಲೂ ಕೈಯಲ್ಲಿ ಇಂಗ್ಲಿಷ್ ಪುಸ್ತಕ, ಬಾಯಲ್ಲಿ ಕನ್ನಡ. ಒಂದು ಸಾಲು ಕಣ್ಣಲ್ಲಿ ಓದುವುದು, ಮರುಕ್ಷಣ ಅದನ್ನು ನಮ್ಮ ಮಾತಲ್ಲಿ ಹೇಳುವುದು. ಹಾಗಾಗಿ ನನ್ನ ಅಳತೆಗೋಲು ಒಂದೇ. ಈ ಕಥೆ ಬಾಯಿಗೆ ಬಂದಾಗ ಕನ್ನಡವಾಗುತ್ತದಾ, ಇಲ್ವಾ?

ರಟ್ಟಿನ ಮೇಲೆ ಬರೆದ ವಯಸ್ಸನ್ನು ಜಾಸ್ತಿ ನಂಬಬೇಡಿ. ಅದು ಮಗು ತಾನೇ ಓದುವ ವಯಸ್ಸು. ಕೇಳುವ ಕಿವಿ ಓದುವ ಕಣ್ಣಿಗಿಂತ ಎರಡು ಮೂರು ವರ್ಷ ಮುಂದಿರುತ್ತದೆ. ಬದಲಿಗೆ ಅಂಗಡಿಯಲ್ಲೇ ನಿಂತು ಮೊದಲ ಪುಟ ತೆಗೆಯಿರಿ. ನಾಲ್ಕು ಸಾಲು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳಿ. ಸಲೀಸಾಗಿ ಬಂದರೆ ತನ್ನಿ. ಮೂರು ಕಡೆ ನಿಂತು ಯೋಚಿಸಬೇಕಾಯಿತು ಅಂದರೆ ಆ ಪುಸ್ತಕಕ್ಕೆ ಇನ್ನೂ ಹೊತ್ತಿದೆ.

ಪಿನೋಕಿಯೋ ಮತ್ತು ಆಲಿಸ್

ಮೊದಲ ಪುಸ್ತಕ ಯಾವುದು ಅಂದರೆ ನಾನು ಪಿನೋಕಿಯೋ ಅನ್ನುತ್ತೇನೆ. ಬರೆದವರು ಇಟಲಿಯ ಫ್ಲಾರೆನ್ಸಿನ ಕಾರ್ಲೋ ಕೊಲ್ಲೋದಿ. ಅವರ ನಿಜವಾದ ಹೆಸರು ಕಾರ್ಲೋ ಲೊರೆಂಜಿನಿ. ಕೊಲ್ಲೋದಿ ಎಂಬುದು ತಾಯಿಯ ಊರು. 1881ರಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿ ಕಂತು ಕಂತಾಗಿ ಬರಲು ಶುರುವಾದ ಕಥೆ 1883ರಲ್ಲಿ ಪುಸ್ತಕವಾಯಿತು. ಕಂತಿನ ಕಥೆಯಾದ್ದರಿಂದ ಪ್ರತಿ ಅಧ್ಯಾಯವೂ ಚಿಕ್ಕದು. ಮುಗಿಯುವಾಗ ಏನೋ ಒಂದು ಅನಾಹುತ ಬಾಗಿಲಲ್ಲೇ ನಿಂತಿರುತ್ತದೆ. ದಿನಕ್ಕೊಂದರಂತೆ ಓದಿದರೆ 36 ಅಧ್ಯಾಯ ಐದು ವಾರಕ್ಕೆ ಸರಿಯಾಗುತ್ತದೆ.

ಆರಂಭವೇ ಬಾಯಿಮಾತಿನದು. ಒಂದಾನೊಂದು ಕಾಲದಲ್ಲಿ ಒಬ್ಬ... ಅನ್ನುತ್ತಿದ್ದಂತೆ ಮಕ್ಕಳು "ರಾಜ!" ಅನ್ನುತ್ತಾರೆ, ಅಲ್ಲ ಅಲ್ಲ, ಒಂದು ಮರದ ತುಂಡು ಇತ್ತು ಅಂತ ಕೊಲ್ಲೋದಿ ತಿದ್ದುತ್ತಾರೆ. ಅದೂ ಬೆಲೆಬಾಳುವ ಮರವಲ್ಲ, ಚಳಿಗಾಲದಲ್ಲಿ ಒಲೆಗೆ ಹಾಕುವ ಸೌದೆ. ನಮ್ಮ ಅಜ್ಜಿಯರು ಕಥೆ ಹೇಳುತ್ತಿದ್ದದ್ದೂ ಹೀಗೇ ಅಲ್ವಾ? ಕೇಳುವವರಿಂದ ಒಂದು ಮಾತು ಹೊರಡಿಸಿ, ಅದನ್ನು ಹಿಡಿದು ಮುಂದೆ ಹೋಗುವುದು. ಇದನ್ನು ಕನ್ನಡಕ್ಕೆ ತರಲು ಏನೂ ಕಷ್ಟಪಡಬೇಕಿಲ್ಲ.

ಆಮೇಲೆ ಹಸಿವು. ಈ ಪುಸ್ತಕದ ತುಂಬ ಹಸಿವಿದೆ. ಆ ಮರದ ತುಂಡಿನಿಂದ ಪಿನೋಕಿಯೋ ಎಂಬ ಬೊಂಬೆ ಕೆತ್ತಿದ ಬಡವ ಜೆಪೆಟ್ಟೋನ ಕೋಣೆಯ ಗೋಡೆಯಲ್ಲಿ ಉರಿಯುವ ಒಲೆ, ಮೇಲೆ ಕುದಿಯುವ ಪಾತ್ರೆ. ಆದರೆ ಎರಡೂ ಬಣ್ಣದಲ್ಲಿ ಬರೆದ ಚಿತ್ರ. ಹೊಟ್ಟೆ ಚುರುಗುಟ್ಟಿದ ಪಿನೋಕಿಯೋ ಮುಚ್ಚಳ ತೆಗೆಯಲು ಓಡಿದರೆ ಕೈಗೆ ಸಿಗುವುದು ಗೋಡೆ. ಮರುದಿನ ಜೆಪೆಟ್ಟೋ ತನ್ನ ತಿಂಡಿಗೆಂದು ತಂದ ಮೂರು ಮರಸೇಬುಗಳನ್ನು ಇವನಿಗೇ ಕೊಡುತ್ತಾನೆ. ಸಿಪ್ಪೆ ಸುಲಿದು ಕೊಡು ಅನ್ನುತ್ತಾನೆ ಈ ಹುಡುಗ. ಜೆಪೆಟ್ಟೋ ಚಾಕು ತಂದು, ನಿಧಾನಕ್ಕೆ ಸುಲಿದು, ಸಿಪ್ಪೆಗಳನ್ನು ಮೇಜಿನ ಮೂಲೆಯಲ್ಲಿ ಇಡುತ್ತಾನೆ. ಎಸೆಯುವುದಿಲ್ಲ. ಮೂರು ಹಣ್ಣು ಮುಗಿಯುತ್ತವೆ. ಹಸಿವು ಮುಗಿಯುವುದಿಲ್ಲ. ಪಿನೋಕಿಯೋ ಒಂದೊಂದೇ ಸಿಪ್ಪೆ ತಿನ್ನುತ್ತಾನೆ, ಕೊನೆಗೆ ಬೀಜದ ಗಟ್ಟಿಯನ್ನೂ ಬಿಡುವುದಿಲ್ಲ. ಇದನ್ನು ಓದಿಹೇಳಿದ ಮರುದಿನ ನನ್ನ ಮಗಳು ಸೇಬಿನ ಸಿಪ್ಪೆಗಳನ್ನು ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟಿದ್ದಳು. ನಾನು ಏನೂ ಕೇಳಲಿಲ್ಲ, ಅವಳೂ ಏನೂ ಹೇಳಲಿಲ್ಲ.

ಇನ್ನೊಂದು ಜಾಗ ಇದೆ. ಪಿನೋಕಿಯೋಗೆ ಶಾಲೆಗೆ ಹೋಗಲು ಅಕ್ಷರಮಾಲೆ ಪುಸ್ತಕ ಬೇಕು. ದುಡ್ಡಿಲ್ಲ. ಜೆಪೆಟ್ಟೋ ತೇಪೆ ಹಾಕಿದ ಹಳೇ ಕೋಟು ಹಾಕಿಕೊಂಡು ಹೊರಗೆ ಹೋಗುತ್ತಾನೆ. ವಾಪಸ್ ಬರುವಾಗ ಕೈಯಲ್ಲಿ ಪುಸ್ತಕ ಇದೆ, ಮೈಮೇಲೆ ಕೋಟಿಲ್ಲ, ಹೊರಗೆ ಹಿಮ ಬೀಳುತ್ತಿದೆ. ಕೋಟು ಎಲ್ಲಿ ಅಂದರೆ ಮಾರಿದೆ ಅನ್ನುತ್ತಾನೆ. ಯಾಕೆ ಅಂದರೆ ಸೆಖೆ ಆಗುತ್ತಿತ್ತು ಅನ್ನುತ್ತಾನೆ. ಇಷ್ಟೇ. ಇಲ್ಲಿ ವಿವರಣೆ ಕೊಡಬೇಡಿ. ಸುಮ್ನೆ ಒಂದು ಉಸಿರು ನಿಲ್ಲಿಸಿ. ಆರು ವರ್ಷದ ಮಗುವಿಗೂ ಅದು ಮುಟ್ಟುತ್ತದೆ.

ಆದರೆ ಪುಸ್ತಕ ಮೆತ್ತಗಿನದಲ್ಲ, ಅದನ್ನು ಮೊದಲೇ ತಿಳಿದುಕೊಂಡಿರಿ. 1940ರ ಡಿಸ್ನಿ ಸಿನಿಮಾ ನೋಡಿದವರಿಗೆ ಬುದ್ಧಿ ಹೇಳುವ ಮಿಡತೆಯಂಥ ಜೀರುಂಡೆಯ ನೆನಪಿರುತ್ತದೆ. ಪುಸ್ತಕದಲ್ಲಿ ಪಿನೋಕಿಯೋ ನಾಲ್ಕನೇ ಅಧ್ಯಾಯದಲ್ಲೇ ಸುತ್ತಿಗೆ ಎಸೆದು ಅದನ್ನು ಸಾಯಿಸುತ್ತಾನೆ. 15ನೇ ಅಧ್ಯಾಯದಲ್ಲಿ ಕಳ್ಳರು ಅವನನ್ನು ದೊಡ್ಡ ಓಕ್ ಮರಕ್ಕೆ ನೇಣು ಹಾಕುತ್ತಾರೆ. ಕೊಲ್ಲೋದಿ ಕಥೆಯನ್ನು ಅಲ್ಲಿಗೇ ಮುಗಿಸಿದ್ದರು. ಆಮೇಲೆ ಮುಂದುವರಿಸಬೇಕಾಗಿ ಬಂತು. ಅದರಿಂದಲೇ ನೀಲಿ ಕೂದಲಿನ ಕಿನ್ನರಿಗೆ ಕಥೆಯಲ್ಲಿ ದೊಡ್ಡ ಪಾತ್ರ ಸಿಕ್ಕಿತು, ಸುಳ್ಳಿಗೆ ಮೂಗು ಬೆಳೆಯಿತು, ಹುಡುಗರು ಕತ್ತೆಗಳಾದರು. ಹೆದರುವ ಮಗುವಾದರೆ 15 ಮತ್ತು 16ನೇ ಅಧ್ಯಾಯಗಳನ್ನು ಒಂದೇ ರಾತ್ರಿ ಓದಿ. ನೇಣಿನಲ್ಲಿ ನಿಲ್ಲಿಸಿ ದೀಪ ಆರಿಸಬೇಡಿ. ದೊಡ್ಡವರ ಮಾತು ಕೇಳದಿದ್ದರೆ ಹೀಗಾಗುತ್ತದೆ ಎಂಬ ಉಪದೇಶವೂ ಅಲ್ಲಲ್ಲಿ ಜಾಸ್ತಿ ಆಗುತ್ತದೆ. ಆ ಸಾಲುಗಳನ್ನು ನಾನು ಬೇಗ ಬೇಗ ದಾಟುತ್ತೇನೆ.

ಆಲಿಸ್ ಇದಕ್ಕೆ ಪೂರ್ತಿ ಉಲ್ಟಾ. ಆಕ್ಸ್‌ಫರ್ಡಿನ ಗಣಿತದ ಮೇಷ್ಟ್ರು ಚಾರ್ಲ್ಸ್ ಡಾಡ್ಜ್‌ಸನ್ 1862ರ ಜುಲೈ 4ರಂದು ದೋಣಿಯಲ್ಲಿ ಹೋಗುತ್ತಾ ಮೂವರು ಹುಡುಗಿಯರಿಗೆ ಹೇಳಿದ ಕಥೆ. ಲೂಯಿಸ್ ಕ್ಯಾರಲ್ ಎಂಬ ಹೆಸರಿನಲ್ಲಿ 1865ರಲ್ಲಿ ಅಚ್ಚಾಯಿತು. ಹುಟ್ಟಿದ್ದೇ ಬಾಯಿಮಾತಿನಲ್ಲಿ, ಹಾಗಾಗಿ ಓದಿಹೇಳಲು ಇದಕ್ಕಿಂತ ಒಳ್ಳೆಯದು ಬೇಕಾ ಅನ್ನಿಸಬಹುದು. ತೊಂದರೆ ಏನೆಂದರೆ, ಅಲ್ಲಿನ ಅರ್ಧ ಮಜಾ ಇಂಗ್ಲಿಷ್ ಪದಗಳ ಒಳಗೇ ಇದೆ. ಒಂದು ಪದ ಎರಡು ಅರ್ಥ ಕೊಡುತ್ತದೆ, ಆಲಿಸ್ ಒಂದು ಹಿಡಿದರೆ ಇಲಿ ಇನ್ನೊಂದು ಹಿಡಿಯುತ್ತದೆ. ಹಾಡುಗಳಲ್ಲಿ ಎಷ್ಟೋ ಆ ಕಾಲದ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡಿದ ನೀತಿಪದ್ಯಗಳ ಅಣಕ. ಮೂಲ ಪದ್ಯ ಗೊತ್ತಿಲ್ಲದ ಮಗುವಿಗೆ ಅಣಕ ಹೇಗೆ ಗೊತ್ತಾಗಬೇಕು?

ದಾರಿಯೇ ಇಲ್ಲ ಅಂತಲ್ಲ. ಇಲಿ ತನ್ನ ಕಥೆ ಹೇಳುವ ಜಾಗದಲ್ಲಿ 'ಕಥೆ' ಮತ್ತು 'ಬಾಲ' ಎರಡೂ ಇಂಗ್ಲಿಷಿನಲ್ಲಿ ಒಂದೇ ಥರ ಕೇಳಿಸುತ್ತವೆ. ನನಗೆ ಎರಡನೇ ಸಲ ಓದುವಾಗ ಹೊಳೆಯಿತು, ಕನ್ನಡದಲ್ಲಿ ಅದು 'ಬಾಲಕಥೆ' ಆಗುತ್ತದೆ. ಮಕ್ಕಳ ಕಥೆಯೂ ಹೌದು, ಬಾಲದ ಕಥೆಯೂ ಹೌದು. ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ಇಂಥದ್ದು ಪುಟಪುಟಕ್ಕೂ ರಾತ್ರಿ ಒಂಬತ್ತೂವರೆಗೆ ಹೊಳೆಯುವುದಿಲ್ಲ. ಅದಕ್ಕೇ ನಾ. ಕಸ್ತೂರಿಯವರಂಥ ನಗೆಬರಹಗಾರರು ಇದಕ್ಕೆ ಕೈಹಾಕಿದರು. ಅವರ ಕನ್ನಡ ರೂಪ 'ಪಾತಾಳದಲ್ಲಿ ಪಾಪಚ್ಚಿ' ಎಲ್ಲಾದರೂ ಲೈಬ್ರರಿಯಲ್ಲಿ ಸಿಕ್ಕರೆ ಬಿಡಬೇಡಿ. ಹೆಸರಲ್ಲೇ ಆಲಿಸ್ ನಮ್ಮ ಮನೆಯ ಪಾಪಚ್ಚಿಯಾಗಿದ್ದಾಳೆ. ಹ್ಯಾಮೆಲಿನ್ ಊರು ಬೊಮ್ಮನಹಳ್ಳಿಯಾಗಿ, ಬ್ರೌನಿಂಗ್ ಕವಿಯ ಕೊಳಲೂದುವವನು ಕುವೆಂಪು ಕೈಯಲ್ಲಿ ಕಿಂದರಿಜೋಗಿಯಾದನಲ್ಲ, ಅದೇ ಧೈರ್ಯ.

ನನ್ನ ಲೆಕ್ಕದಲ್ಲಿ ಆರೇಳು ವರ್ಷಕ್ಕೆ ಪಿನೋಕಿಯೋ. ಆಲಿಸ್ ಹತ್ತಕ್ಕೆ, ಅದೂ ಮಗುವೇ ಇಂಗ್ಲಿಷಿನಲ್ಲಿ ಓದಿ, ನೀವು ಪಕ್ಕದಲ್ಲಿ ಕೂತು. ಜಾನ್ ಟೆನಿಯಲ್ ಬರೆದ 42 ಚಿತ್ರಗಳು ಇರುವ ಮುದ್ರಣವನ್ನೇ ತನ್ನಿ. ಬೇರೆ ಚಿತ್ರ ಹಾಕಿದ ಎಷ್ಟೋ ಪುಸ್ತಕ ನೋಡಿದ್ದೇನೆ, ಆ ಟೋಪಿಯವನ ಮುಖ ಇನ್ನೆಲ್ಲೂ ಸಿಕ್ಕಿಲ್ಲ.

ಹೈಡಿ ಮತ್ತು ಸೀಕ್ರೆಟ್ ಗಾರ್ಡನ್

ಎರಡೂ ಅನಾಥ ಹುಡುಗಿಯರ ಕಥೆ. ಎರಡರಲ್ಲೂ ನಡೆಯಲಾಗದ ಒಂದು ಮಗು ಇದೆ, ಗಾಳಿ ಬೆಳಕು ಅದನ್ನು ಎಬ್ಬಿಸಿ ನಿಲ್ಲಿಸುತ್ತದೆ. ಹೊರಗಿಂದ ನೋಡಿದರೆ ಒಂದೇ ಅಚ್ಚು. ಒಂದನ್ನು ಮಾತ್ರ ಆರಿಸಬೇಕಾದರೆ ನಿಮ್ಮ ಮಗು ಈಗ ಹೇಗಿದೆ ನೋಡಿ.

ಮನೆ ಬದಲಾಗಿದೆಯಾ? ಊರು ಬಿಟ್ಟು ಬಂದಿದ್ದೀರಾ? ಅಜ್ಜ ಅಜ್ಜಿಯಿಂದ ದೂರ ಆಗಿದೆಯಾ? ಹಾಗಾದರೆ ಹೈಡಿ. ಸ್ವಿಟ್ಜರ್ಲೆಂಡಿನ ಯೊಹಾನಾ ಸ್ಪೀರಿ 1880 ಮತ್ತು 1881ರಲ್ಲಿ ಎರಡು ಭಾಗಗಳಲ್ಲಿ ಜರ್ಮನ್ ಭಾಷೆಯಲ್ಲಿ ತಂದ ಪುಸ್ತಕ. ಐದು ವರ್ಷದ ಹುಡುಗಿಯನ್ನು ಚಿಕ್ಕಮ್ಮ ಗುಡ್ಡದ ಮೇಲೆ ಒಂಟಿಯಾಗಿರುವ ಅಜ್ಜನ ಹತ್ತಿರ ಬಿಡಲು ಕರೆದುಕೊಂಡು ಹೋಗುತ್ತಾಳೆ. ಗಂಟು ಹೊರುವುದು ತಪ್ಪಲಿ ಅಂತ ಇರುವ ಬಟ್ಟೆಯನ್ನೆಲ್ಲ ಮಗುವಿನ ಮೈಮೇಲೇ ಹೇರಿದ್ದಾಳೆ. ಬಿರುಬಿಸಿಲು. ಮುಖ ಕೆಂಪಾಗಿ ಬೆವರು ಇಳಿಯುತ್ತಿದೆ. ಆಡು ಕಾಯುವ ಪೀಟರ್ ಬರಿಗಾಲಲ್ಲಿ ಜಿಗಿಯುವುದನ್ನು ನೋಡಿದ ಹೈಡಿ ನೆಲಕ್ಕೆ ಕೂತು ಬೂಟು ಬಿಚ್ಚುತ್ತಾಳೆ, ಕಾಲುಚೀಲ, ಶಾಲು, ಮೇಲಿನ ಲಂಗ, ಅದರೊಳಗಿನ ಲಂಗ. ಎಲ್ಲವನ್ನೂ ನೀಟಾಗಿ ಒಟ್ಟಿ, ಆಡುಗಳ ಹಿಂದೆ ಓಡುತ್ತಾಳೆ. ಇದನ್ನು ಓದುವಾಗ ಒಂದೊಂದು ಬಟ್ಟೆಯ ಹೆಸರನ್ನೂ ನಿಧಾನವಾಗಿ ಹೇಳಿ. ಮಕ್ಕಳು ಮುಂದಿನದನ್ನು ತಾವೇ ಹೇಳಲು ಶುರು ಮಾಡುತ್ತಾರೆ.

ಅಟ್ಟದ ಮೇಲೆ ಹುಲ್ಲಿನ ಹಾಸಿಗೆ, ದುಂಡನೆಯ ಕಿಟಕಿ, ಕೆಂಡಕ್ಕೆ ಹಿಡಿದು ಕರಗಿಸಿದ ಚೀಸನ್ನು ಬ್ರೆಡ್ಡಿಗೆ ಸವರುವ ಅಜ್ಜ. ಕನ್ನಡಕ್ಕೆ ಬರಲು ಇವಕ್ಕೆಲ್ಲ ಯಾವ ಅಡ್ಡಿಯೂ ಇಲ್ಲ. ಅಟ್ಟ ನಮಗೆ ಗೊತ್ತು, ಹುಲ್ಲು ಗೊತ್ತು, ಕೊಟ್ಟಿಗೆ ಗೊತ್ತು, ಮಾತಾಡದ ಅಜ್ಜನೂ ಗೊತ್ತು.

ಆದರೆ ಪುಸ್ತಕದ ಜೀವ ಇರುವುದು ಫ್ರಾಂಕ್‌ಫರ್ಟಿನಲ್ಲಿ. ಕಾಯಿಲೆಯ ಹುಡುಗಿ ಕ್ಲಾರಾಗೆ ಜೊತೆಗಿರಲಿ ಅಂತ ಹೈಡಿಯನ್ನು ಅಲ್ಲಿಗೆ ಒಯ್ಯುತ್ತಾರೆ. ಒಳ್ಳೆಯ ಊಟ, ಒಳ್ಳೆಯ ಬಟ್ಟೆ. ಗುಡ್ಡ ಕಾಣುತ್ತದಾ ಅಂತ ಚರ್ಚಿನ ಗೋಪುರ ಹತ್ತಿ ನೋಡುತ್ತಾಳೆ, ಬರೀ ಮನೆಗಳ ಮಾಡು. ಊರಿನಲ್ಲಿ ಪೀಟರನ ಕುರುಡಜ್ಜಿಗೆ ಗಟ್ಟಿ ಬ್ರೆಡ್ ಅಗಿಯಲಾಗುವುದಿಲ್ಲ, ಅವಳಿಗೆ ಅಂತ ದಿನಾ ಊಟದ ಮೇಜಿನಿಂದ ಮೆತ್ತನೆಯ ಬಿಳಿ ಬನ್ ಎತ್ತಿ ಬಟ್ಟೆಯ ಕಪಾಟಿನಲ್ಲಿ ಕೂಡಿಡುತ್ತಾಳೆ. ಮನೆಯ ಯಜಮಾನಿಕೆ ನೋಡುವ ಹೆಂಗಸು ಅದನ್ನು ಕಂಡು ಒಣಗಿದ ರಾಶಿ ಅಂತ ಎಸೆಸುತ್ತಾಳೆ. ಹೈಡಿ ಅಲ್ಲಿ ಅಳುವ ಅಳು, ಇಡೀ ಪುಸ್ತಕದಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಆಮೇಲೆ ರಾತ್ರಿಗಳಲ್ಲಿ ಮುಂಬಾಗಿಲು ತೆರೆದುಕೊಂಡಿರುತ್ತದೆ. ದೆವ್ವ ಅಂತ ಮನೆಯವರೆಲ್ಲ ನಡುಗುತ್ತಾರೆ. ಡಾಕ್ಟರು ಕಾದು ಕೂತು ನೋಡಿದರೆ ಬಿಳಿ ಅಂಗಿಯ ಹೈಡಿ ನಿದ್ದೆಯಲ್ಲಿ ನಡೆದು ಬಾಗಿಲು ತೆಗೆಯುತ್ತಿದ್ದಾಳೆ. ಅವರು ಕೊಡುವ ಮದ್ದು ಒಂದೇ: ಊರಿಗೆ ಕಳಿಸಿ.

ನನ್ನ ಅಕ್ಕನ ಕುಟುಂಬ ಜರ್ಮನಿಗೆ ಹೋದ ವರ್ಷ ಅವಳು ಇದನ್ನು ಮಗನಿಗೆ ಫೋನಿನಲ್ಲಿ ನನ್ನಿಂದ ಓದಿಸಿದಳು. ಬನ್ನಿನ ಅಧ್ಯಾಯ ಮುಗಿದಾಗ ಆ ಕಡೆ ಮೌನ. ಆಮೇಲೆ ಅವನು ಕೇಳಿದ ಪ್ರಶ್ನೆ ಒಂದೇ: "ಚಿಕ್ಕಮ್ಮ, ನಾನು ಬರುವಾಗ ಅಜ್ಜಿಗೆ ಏನು ತರಲಿ?"

ಎರಡನೇ ಅರ್ಧದಲ್ಲಿ ಪ್ರಾರ್ಥನೆ, ದೇವರ ಮಾತು ಜಾಸ್ತಿ. ಸ್ಪೀರಿಯವರ ನಂಬಿಕೆ ಅದು, ಕಥೆಗೆ ಹೊಲಿದುಕೊಂಡೇ ಇದೆ. ಅಜ್ಜ ಮತ್ತೆ ಊರ ಜನರ ಜೊತೆ ಬೆರೆಯುವುದೂ ಅದೇ ದಾರಿಯಲ್ಲಿ. ನಾನು ತೆಗೆದುಹಾಕುವುದಿಲ್ಲ. ಇನ್ನೊಂದು ಮಾತು: ಹೈಡಿ ದೊಡ್ಡವಳಾದ ಮೇಲಿನ ಕಥೆ ಎಂದು ಮಾರುವ ಪುಸ್ತಕಗಳು ಸ್ಪೀರಿಯವರದಲ್ಲ, ಬೇರೆಯವರು ಆಮೇಲೆ ಬರೆದವು.

ಸೀಕ್ರೆಟ್ ಗಾರ್ಡನ್ ಬೇರೆ ಮಗುವಿಗೆ. ಸಿಟ್ಟು ಜಾಸ್ತಿ ಇರುವ, ಯಾರ ಜೊತೆಗೂ ಸೇರದ, ಎಲ್ಲಕ್ಕೂ ಮೂಗು ಮುರಿಯುವ ಮಗುವಿಗೆ ಇದನ್ನು ಕೊಡಿ. ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್ 1911ರಲ್ಲಿ ಬರೆದ ಮೇರಿ ಲೆನಾಕ್ಸ್ ಹೈಡಿಯ ಹಾಗೆ ಮುದ್ದು ಬರಿಸುವ ಹುಡುಗಿಯಲ್ಲ. ಲೇಖಕಿ ಅವಳನ್ನು ನಮಗೆ ಹಿಡಿಸದ ಹಾಗೆಯೇ ತಂದು ನಿಲ್ಲಿಸುತ್ತಾರೆ, ಆಮೇಲೆ ಮಣ್ಣು ಕೈಗೆ ಕೊಟ್ಟು ಸ್ವಲ್ಪ ಸ್ವಲ್ಪವೇ ತಿದ್ದುತ್ತಾರೆ. ಅದನ್ನು ಇಷ್ಟು ಚೆನ್ನಾಗಿ ಮಾಡಿದ ಮಕ್ಕಳ ಪುಸ್ತಕ ನನಗೆ ಇನ್ನೊಂದು ಗೊತ್ತಿಲ್ಲ.

ಇಲ್ಲಿ ಒಂದು ಮುಳ್ಳಿದೆ. ಮೇರಿ ಹುಟ್ಟಿ ಬೆಳೆದದ್ದು ಇಂಡಿಯಾದಲ್ಲಿ, ಬ್ರಿಟಿಷ್ ಅಧಿಕಾರಿಯ ಮಗಳು. ಆಯಾಗೆ ಹೊಡೆಯುವುದು ಅವಳಿಗೆ ಮಾಮೂಲು. ಕಾಲರಾದಲ್ಲಿ ಅಪ್ಪ ಅಮ್ಮ ಸತ್ತು ಇಂಗ್ಲೆಂಡಿನ ಯಾರ್ಕ್‌ಶೈರಿಗೆ ಹೋದಮೇಲೆ, ಕೆಲಸದ ಹುಡುಗಿ ಮಾರ್ತಾ "ನೀನು ಕಪ್ಪಗಿರುತ್ತೀಯ ಅಂದುಕೊಂಡಿದ್ದೆ" ಎಂಬರ್ಥದ ಮಾತಾಡಿದಾಗ ಮೇರಿ ಕೆರಳಿ, ಇಂಡಿಯಾದವರು ಮನುಷ್ಯರೇ ಅಲ್ಲ, ಸೇವಕರು ಎನ್ನುತ್ತಾಳೆ. ಈ ಸಾಲು ಬರುತ್ತದೆ ಅಂತ ಗೊತ್ತಿಲ್ಲದೆ ಓದಲು ಕೂತರೆ ಗಂಟಲು ಕಟ್ಟುತ್ತದೆ. ನನಗೆ ಕಟ್ಟಿತ್ತು. ಹಾರಿಸಿ ಓದುವ ಆಸೆಯಾಗುತ್ತದೆ. ಹಾರಿಸಬೇಡಿ. ಪುಸ್ತಕ ಕೆಳಗಿಟ್ಟು, ಆ ಆಯಾಗೂ ಮನೆ ಇತ್ತು, ಅವಳೂ ಅದೇ ಕಾಲರಾದಲ್ಲಿ ಸತ್ತಳು ಅಂತ ಹೇಳಿ. ಕಥೆಯಲ್ಲಿ ಅದು ಇದೆ, ಒಂದೆರಡು ಸಾಲಲ್ಲಿ ದಾಟಿಹೋಗುತ್ತದೆ ಅಷ್ಟೇ. ಮಗುವಿಗೆ ಒಂಬತ್ತು ತುಂಬಿದ ಮೇಲೆ ಈ ಪುಸ್ತಕ ಎತ್ತಿಕೊಳ್ಳಿ ಎನ್ನುವುದಕ್ಕೆ ಇದೇ ಕಾರಣ.

ಮಾತಿನ ಲೆಕ್ಕದಲ್ಲಿ ಸೀಕ್ರೆಟ್ ಗಾರ್ಡನ್ ಒಂದು ಹಬ್ಬ. ಮಾರ್ತಾ, ಅವಳ ತಮ್ಮ ಡಿಕನ್, ತೋಟದ ಮುದುಕ ಎಲ್ಲರೂ ಯಾರ್ಕ್‌ಶೈರಿನ ಹಳ್ಳಿಯ ಇಂಗ್ಲಿಷ್ ಆಡುತ್ತಾರೆ. ಇಲ್ಲಿ ನಿಮ್ಮ ಊರಿನ ಕನ್ನಡವನ್ನು ಹೊರಗೆ ತೆಗೆಯಿರಿ. ಧಾರವಾಡದ್ದೋ, ಕುಂದಾಪುರದ್ದೋ, ಮಂಡ್ಯದ್ದೋ. ಆ ಮಾತನ್ನು ಕಥೆಯಲ್ಲಿ ಯಾರೂ ಆಡಿಕೊಂಡು ನಗುವುದಿಲ್ಲ. ಮೇರಿಯೇ ಅದನ್ನು ಕಲಿಯಲು ಆಸೆಪಡುತ್ತಾಳೆ. ಡಿಕನ್ ಒಣಗಿದಂತೆ ಕಾಣುವ ಗುಲಾಬಿ ಕೊಂಬೆಯನ್ನು ಚಾಕುವಿನಿಂದ ಕೊಯ್ದು ಒಳಗಿನ ಹಸಿರು ತೋರಿಸಿ, ಜೀವ ಇದೆ ಎನ್ನಲು ತನ್ನ ಊರಿನ ಒಂದು ಪದ ಬಳಸುತ್ತಾನೆ. ನಮ್ಮಮ್ಮ ದಾಸವಾಳದ ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿ "ಇನ್ನೂ ಹಸಿ ಐತೆ" ಅನ್ನುತ್ತಿದ್ದರು. ನಾನು ಡಿಕನ್ ಬಾಯಲ್ಲಿ ಅದನ್ನೇ ಇಟ್ಟೆ. ಅವತ್ತಿನಿಂದ ನಮ್ಮ ಮನೆಯ ಕುಂಡಗಳಲ್ಲಿ ಒಂದು ಕಡ್ಡಿಯನ್ನೂ ಮಗಳು ಕೀಳಲು ಬಿಟ್ಟಿಲ್ಲ.

ಜಂಗಲ್ ಬುಕ್ ಮತ್ತು ಟ್ರೆಷರ್ ಐಲ್ಯಾಂಡ್

ಸಾಹಸ ಬೇಕು ಎನ್ನುವ ಮಗುವಿಗೆ ಈ ಎರಡರಲ್ಲಿ ಒಂದು.

ಜಂಗಲ್ ಬುಕ್ ಅಂದಕೂಡಲೇ ಎಲ್ಲರಿಗೂ ಮೋಗ್ಲಿ ನೆನಪಾಗುತ್ತಾನೆ. 1894ರ ಮೊದಲ ಪುಸ್ತಕದಲ್ಲಿ ಏಳು ಕಥೆಗಳಿವೆ, ಮೋಗ್ಲಿ ಇರುವುದು ಮೂರರಲ್ಲಿ ಮಾತ್ರ. ಸಿನಿಮಾದಲ್ಲಿ ಕೆಟ್ಟದಾಗಿ ಕಾಣುವ ಹೆಬ್ಬಾವು ಕಾ ಇಲ್ಲಿ ಮೋಗ್ಲಿಯನ್ನು ಮಂಗಗಳಿಂದ ಬಿಡಿಸುವ ಹಿರಿಯ. ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್ ಇದನ್ನು ಬರೆದದ್ದು ಅಮೆರಿಕದ ವರ್ಮಾಂಟಿನ ಹಿಮದಲ್ಲಿ ಕೂತು. ಕಾಡು ಮಾತ್ರ ನಮ್ಮ ಮಧ್ಯಪ್ರದೇಶದ ಸಿವನಿಯದು. ಅವರು ಬ್ರಿಟಿಷ್ ಆಳ್ವಿಕೆಯನ್ನು ಒಪ್ಪಿ ಕೊಂಡಾಡಿದವರು. ಪುಸ್ತಕದ ಕೊನೆಯ ಕಥೆಯಲ್ಲಿ ಅದು ನೇರವಾಗಿಯೇ ಇದೆ. ಆ ಒಂದನ್ನು ನಾನು ಮಕ್ಕಳಿಗೆ ಓದಿಲ್ಲ.

ಆದರೆ ಓದಿಹೇಳಲು ಈ ಎಲ್ಲ ಪುಸ್ತಕಗಳಲ್ಲಿ ಅತಿ ಒಳ್ಳೆಯ ಒಂದೇ ಒಂದು ಕಥೆ ಯಾವುದು ಅಂದರೆ, ಮುಂಗುಸಿ ರಿಕ್ಕಿ-ಟಿಕ್ಕಿ-ಟಾವಿಯದು. ಪ್ರವಾಹದಲ್ಲಿ ಕೊಚ್ಚಿಬಂದ ಮುಂಗುಸಿ ಮರಿಯನ್ನು ಒಂದು ಮನೆಯವರು ಬದುಕಿಸುತ್ತಾರೆ. ತೋಟದಲ್ಲಿ ನಾಗ, ನಾಗಿಣಿ. ರಾತ್ರಿ ನಾಗ ಬಚ್ಚಲಿನ ನೀರು ಹೊರಹೋಗುವ ಕಿಂಡಿಯಿಂದ ಒಳಗೆ ಬಂದು, ನೀರಿನ ಮಡಕೆಯ ಬುಡಕ್ಕೆ ಸುತ್ತಿಕೊಂಡು, ಬೆಳಗ್ಗೆ ಯಜಮಾನ ಸ್ನಾನಕ್ಕೆ ಬರಲಿ ಅಂತ ಕಾಯುತ್ತದೆ. ಗೋಡೆ ಬದಿ ಹಿಡಿದೇ ಓಡುವ, ಕೋಣೆಯ ನಡುವೆ ಬರಲು ಎಂದೂ ಧೈರ್ಯ ಸಾಲದ ಸುಂಡಿಲಿ ಅಳುತ್ತಾ ಸುಳಿವು ಕೊಡುತ್ತದೆ. ಈ ಬಚ್ಚಲು, ಕಿಂಡಿ, ಮಡಕೆ, ಸುಂಡಿಲಿ, ಇವನ್ನೆಲ್ಲ ಕಿಪ್ಲಿಂಗ್ ಇಂಗ್ಲಿಷ್ ಓದುಗರಿಗೆ ವಿವರಿಸಬೇಕಾಯಿತು. ನಮಗೆ ಹೆಸರು ಹೇಳಿದರೆ ಸಾಕು. ಮಲೆನಾಡಿನ ಅಜ್ಜಿಮನೆಯಲ್ಲಿ ಇದನ್ನು ಹೇಳಿದ ರಾತ್ರಿ ಮಕ್ಕಳು ಯಾರೂ ಒಬ್ಬೊಬ್ಬರೇ ಬಚ್ಚಲಿಗೆ ಹೋಗಲಿಲ್ಲ. ಪಂಚತಂತ್ರದ ಮುಂಗುಸಿಯ ಕಥೆ ಗೊತ್ತಿದ್ದ ಮಗಳು ನಡುವೆಯೇ ಕೇಳಿದಳು, "ಇದನ್ನೂ ಕೊಂದುಬಿಡ್ತಾರಾ?" ಇಲ್ಲ ಅಂತ ಮಾತು ಕೊಟ್ಟ ಮೇಲೆಯೇ ಮುಂದೆ ಓದಲು ಬಿಟ್ಟಳು. ಏಳು ತುಂಬಿದ ಮಗುವಿಗೆ ಇದು ನಡೆಯುತ್ತದೆ, ಎರಡು ರಾತ್ರಿಗೆ ಮುಗಿಯುತ್ತದೆ.

ಟ್ರೆಷರ್ ಐಲ್ಯಾಂಡ್ ಹುಟ್ಟಿದ ರೀತಿ ಚೆನ್ನಾಗಿದೆ. 1881ರ ಮಳೆಗಾಲದಂಥ ಬೇಸಿಗೆ, ಸ್ಕಾಟ್ಲೆಂಡಿನ ಬ್ರೇಮಾರ್. ಹೊರಗೆ ಹೋಗಲಾಗದೆ ರಾಬರ್ಟ್ ಲೂಯಿಸ್ ಸ್ಟೀವನ್‌ಸನ್ ಮತ್ತು ಅವರ ಹೆಂಡತಿಯ ಮಗ ಲಾಯ್ಡ್ ಬಣ್ಣ ಹಚ್ಚುತ್ತಾ ಕೂತಾಗ ಒಂದು ದ್ವೀಪದ ನಕ್ಷೆ ಮೂಡಿತು. ನಕ್ಷೆಯಿಂದ ಕಥೆ ಬಂತು. ಸ್ಟೀವನ್‌ಸನ್ನರ ಅಪ್ಪನೂ ಸೇರಿಕೊಂಡು, ಹಳೇ ಕಡಲುಗಳ್ಳನ ಪೆಟ್ಟಿಗೆಯಲ್ಲಿ ಏನೇನಿರಬೇಕು ಅಂತ ಪಟ್ಟಿ ಮಾಡಿಕೊಟ್ಟರು. ಮೂರು ತಲೆಮಾರಿನವರು ಕೂತು ಕಟ್ಟಿದ ಕಥೆ, 1883ರಲ್ಲಿ ಪುಸ್ತಕ.

ಕಥೆ ಹೇಳುವ ಹುಡುಗ ಜಿಮ್ ಹಾಕಿನ್ಸ್ ಹಡಗಿನಲ್ಲಿ ಸೇಬಿನ ಪೀಪಾಯಿಯೊಳಗೆ ಕೂತು, ತಾನು ನಂಬಿದ ಒಂಟಿಕಾಲಿನ ಸಿಲ್ವರ್ ಕೊಲೆಯ ಸಂಚು ಹೂಡುವುದನ್ನು ಕೇಳಿಸಿಕೊಳ್ಳುವ ಅಧ್ಯಾಯದಲ್ಲಿ ಮಕ್ಕಳು ಉಸಿರು ಬಿಗಿಹಿಡಿಯುತ್ತಾರೆ. ಸಿಲ್ವರ್ ಒಳ್ಳೆಯವನಾ ಕೆಟ್ಟವನಾ ಎಂಬ ಜಗಳ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಕಷ್ಟ ಎಲ್ಲಿ ಅಂದರೆ ಹಡಗಿನ ಪದಗಳಲ್ಲಿ. ಹಾಯಿ, ಲಂಗರು, ಚುಕ್ಕಾಣಿ ತನಕ ಕನ್ನಡ ಜೊತೆಗಿರುತ್ತದೆ, ಆಮೇಲೆ ಕೈಬಿಡುತ್ತದೆ. ಕರಾವಳಿಯವರಿಗೆ ಇನ್ನೂ ನಾಲ್ಕು ಪದ ಹೆಚ್ಚು ಸಿಗಬಹುದು. ನಾನು ಮೊದಲ ರಾತ್ರಿಯೇ ಹಾಳೆಯ ಮೇಲೆ ಒಂದು ಹಡಗು ಬರೆದು, ಭಾಗಗಳಿಗೆ ಹೆಸರಿಟ್ಟು ಗೋಡೆಗೆ ಅಂಟಿಸಿದೆ. ಕೆಲಸಕ್ಕೆ ಬಂತು. ಕುಡಿತ, ಕೊಲೆ ಎರಡೂ ಇವೆ. ಹತ್ತು ವರ್ಷದ ಕೆಳಗೆ ಬೇಡ.

ಪೂರ್ತಿಯಾ, ಸಂಕ್ಷಿಪ್ತವಾ?

ಇದಕ್ಕೆ ನನ್ನ ಹತ್ತಿರ ಎರಡು ಉತ್ತರ ಇಲ್ಲ. ಪೂರ್ತಿ. ಮಗಳಿಗೆ ಮೊದಲು ತಂದ ಪಿನೋಕಿಯೋ ದಪ್ಪ ಕಾಗದದ, ಬಣ್ಣ ತುಂಬಿದ, ಚೆಂದದ ಪುಸ್ತಕ. ಅರವತ್ತು ಪುಟ. ಮೂಗು ಬೆಳೆಯಿತು, ಮೀನು ನುಂಗಿತು, ಹುಡುಗ ಆದ. ಆ ಮರಸೇಬು ಇರಲಿಲ್ಲ. ಕೋಟು ಇರಲಿಲ್ಲ. ಚಿತ್ರದ ಒಲೆಯೂ ಇರಲಿಲ್ಲ. ಮಗಳು ಒಂದೇ ಸಲ ಕೇಳಿ ಬದಿಗಿಟ್ಟಳು. ಎರಡು ವರ್ಷದ ಮೇಲೆ ಪೂರ್ತಿ ಪುಸ್ತಕ ಸಿಕ್ಕಾಗಲೇ ನನಗೂ ಗೊತ್ತಾದದ್ದು, ಏನನ್ನು ಕಿತ್ತುಹಾಕಿದ್ದರು ಅಂತ. ಘಟನೆ ಉಳಿಸಿ ವಿವರ ತೆಗೆದರೆ ಈ ಕಥೆಗಳಲ್ಲಿ ಏನೂ ಉಳಿಯುವುದಿಲ್ಲ.

ರಟ್ಟಿನ ಮೇಲೆ ಸಂಕ್ಷಿಪ್ತ ಅಂತ ಬರೆದಿರಲಿ, ಬಿಡಲಿ, ಪರಿವಿಡಿ ತೆಗೆದು ಅಧ್ಯಾಯ ಎಣಿಸಿ. ಪಿನೋಕಿಯೋ 36, ಆಲಿಸ್ 12, ಹೈಡಿ ಎರಡೂ ಭಾಗ ಸೇರಿ 23, ಟ್ರೆಷರ್ ಐಲ್ಯಾಂಡ್ 34, ಸೀಕ್ರೆಟ್ ಗಾರ್ಡನ್ 27. ಕಡಿಮೆ ಇದ್ದರೆ ಕತ್ತರಿ ಆಡಿದೆ ಅಂತ ಅರ್ಥ. ದುಡ್ಡು ಹಾಕುವ ಮೊದಲು ಮೊಬೈಲಿನಲ್ಲೇ ಓದಿ ನೋಡಬಹುದು. ಇವೆಲ್ಲ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳು, ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಇಂಗ್ಲಿಷ್ ಪಠ್ಯ ಪೂರ್ತಿ ಉಚಿತ. ಹೊಸ ಅನುವಾದಗಳ ಹಕ್ಕು ಮಾತ್ರ ಅನುವಾದಕರದು. ಕನ್ನಡದ್ದು ಸಿಕ್ಕರೆ ಕೊಂಡೇ ಓದಿ.

ಉಳಿದವು

ಮಗು ತಾನೇ ಇಂಗ್ಲಿಷಿನಲ್ಲಿ ಓದಲಿ ಎನ್ನುವ ಆಸೆಯಿದ್ದರೆ ಓಜ್‌ನ ಮಾಂತ್ರಿಕನಿಂದ ಶುರು ಮಾಡಿಸಿ. ಫ್ರಾಂಕ್ ಬಾಮ್ 1900ರಲ್ಲಿ ಬರೆದದ್ದು. ಸಾಲುಗಳು ಚಿಕ್ಕವು, ಪದಗಳು ಸುಲಭ, 24 ಪುಟ್ಟ ಅಧ್ಯಾಯ. ಸಿನಿಮಾದ ಕೆಂಪು ಬೂಟು ಪುಸ್ತಕದಲ್ಲಿ ಬೆಳ್ಳಿಯದು, ಪಚ್ಚೆಯ ಊರು ಹಸಿರಾಗಿ ಕಾಣುವುದು ಎಲ್ಲರಿಗೂ ಹಸಿರು ಕನ್ನಡಕ ಹಾಕಿರುವುದರಿಂದ. ಇದು ಗೊತ್ತಾದ ಮಗು ಸಿಕ್ಕವರಿಗೆಲ್ಲ ಹೇಳುತ್ತಾ ತಿರುಗುತ್ತದೆ.

ವಿಂಡ್ ಇನ್ ದ ವಿಲೋಸ್, 1908ರದ್ದು, ನನಗೆ ತುಂಬ ಇಷ್ಟ. ಆದರೆ ಅದರ ಉದ್ದುದ್ದ ಸಾಲುಗಳು ಹೊಳೆಯ ಹಾಗೆ ತಿರುಗಿ ತಿರುಗಿ ಹೋಗುತ್ತವೆ, ಓದುತ್ತಲೇ ಕನ್ನಡ ಮಾಡಲು ಹೋದರೆ ದಡ ಸಿಗುವುದಿಲ್ಲ. ಟಾಮ್ ಸಾಯರ್‌ನ ಬೇಲಿಗೆ ಸುಣ್ಣ ಬಳಿಯುವ ಅಧ್ಯಾಯ ಒಂದನ್ನೇ ಬಿಡಿಯಾಗಿ ಓದಬಹುದು. ಹನ್ನೊಂದಾದ ಮೇಲೆ ಆನ್ ಆಫ್ ಗ್ರೀನ್ ಗೇಬಲ್ಸ್ ಕೊಡಿ, ಓದಿಹೇಳಬೇಡಿ. ಅವಳು ಮಗುವಿನ ಜೊತೆ ಒಬ್ಬಳೇ ಇರಬೇಕಾದ ಗೆಳತಿ. ಗಂಡುಮಕ್ಕಳಿಗೂ ಕೊಡಿ.

ಹನ್ನೆರಡು ದಾಟಿದವರಿಗೆ ಜೂಲ್ ವೆರ್ನ್. ಇಲ್ಲಿ ಓದುವ ಕ್ರಮ ಮುಖ್ಯ. ಮೊದಲು 1870ರ ಟ್ವೆಂಟಿ ಥೌಸಂಡ್ ಲೀಗ್ಸ್. ಅದರಲ್ಲಿ ಕಡಲಾಳದ ಹಡಗಿನ ಕ್ಯಾಪ್ಟನ್ ನೆಮೋ ಯಾವ ದೇಶದವನು ಎಂಬುದು ಕೊನೆಯವರೆಗೂ ಗುಟ್ಟು. ಆಮೇಲೆ 1875ರ ಮಿಸ್ಟೀರಿಯಸ್ ಐಲ್ಯಾಂಡ್. ಅಲ್ಲಿ ಕೊನೆಗೆ ಗೊತ್ತಾಗುತ್ತದೆ, ನೆಮೋ ಬುಂದೇಲಖಂಡದ ರಾಜಕುಮಾರ ಡಕ್ಕಾರ್, 1857ರ ದಂಗೆಯಲ್ಲಿ ಎಲ್ಲ ಕಳೆದುಕೊಂಡವನು, ಮತ್ತು ವೆರ್ನ್ ಅವನನ್ನು ಮಾಡಿರುವುದು ನಮ್ಮ ಮೈಸೂರಿನ ಟಿಪ್ಪು ಸುಲ್ತಾನನ ಸಂಬಂಧಿಯನ್ನಾಗಿ. ಹಳೆಯ ಇಂಗ್ಲಿಷ್ ಅನುವಾದದಲ್ಲಿ ಬ್ರಿಟಿಷರ ವಿರುದ್ಧದ ಅವನ ಮಾತುಗಳನ್ನು ಬದಲಾಯಿಸಿ ತಗ್ಗಿಸಿದ್ದಾರೆ. ಆದ್ದರಿಂದ ಈ ಒಂದಕ್ಕೆ ಮಾತ್ರ ಉಚಿತದ್ದು ಬಿಟ್ಟು ಈಚಿನ ಅನುವಾದ ಕೊಳ್ಳಿ. ಶ್ರೀರಂಗಪಟ್ಟಣಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ಯೋಚನೆ ಇದ್ದರೆ, ಪುಸ್ತಕ ಮುಗಿದ ಮೇಲೆ ಹೋಗಿ. ಗುಟ್ಟನ್ನು ಮೊದಲೇ ಹೇಳಿಬಿಡಬೇಡಿ.